ಕಸಕ್ಕೆ ದಂಡ, ಬಾಣೆಯಲ್ಲಿ ಮನೆ: ಪಂಚಾಯಿತಿ ವಿಚಾರಗಳ ಪ್ರಶ್ನೋತ್ತರ

ಪ್ರಶ್ನೆ (ಕೊಡಗಿನ ಹೆದ್ದಾರಿ ಬದಿಯ ಪಂಚಾಯಿತಿಯೊಂದರ ವಾರ್ಡ್ ಸದಸ್ಯೆ): ಸರ್, ನಮಸ್ತೆ. ರಸ್ತೆ ಬದಿ ಕಸ ಎಸೆದವರಿಗೆ ದಂಡ ಹಾಕಬೇಕೆಂದು ನಮ್ಮ ಸಾಮಾನ್ಯ ಸಭೆಯಲ್ಲಿ ದೊಡ್ಡ ಚರ್ಚೆಯಾಗಿ ನಿರ್ಣಯವೂ ಆಯಿತು. ಮರುವಾರ ತೋಟದ ತಿರುವಿನಲ್ಲಿ ಹನ್ನೊಂದು ಚೀಲ ಸಿಕ್ಕಿತು. ಒಂದರೊಳಗೆ ಹೋಂಸ್ಟೇ ಒಂದರ ವಿಳಾಸವಿದ್ದ ಕೊರಿಯರ್ ಚೀಟಿ ಇತ್ತು. ಕೇಳಿದ್ದಕ್ಕೆ ‘ಯಾವ ಕಾನೂನಿನಲ್ಲಿ ದಂಡ ಹಾಕ್ತೀರಿ?’ ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಂದೇನು ಮಾಡಬೇಕು?

ಉತ್ತರ (ನಿವೃತ್ತ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ): ಮೇಡಂ, ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಡಾವಳಿ ಪುಸ್ತಕದಲ್ಲಿ ಬರೆದ ನಿರ್ಣಯದಿಂದ ಮಾತ್ರ ದಂಡ ವಸೂಲಿಗೆ ಬಲ ಬರುವುದಿಲ್ಲ. ಘನತ್ಯಾಜ್ಯದ ಉಪವಿಧಿ (ಬೈಲಾ) ಬೇಕು. ಸರ್ಕಾರದ ಮಾದರಿ ಉಪವಿಧಿ ಇದೆ, ಅದನ್ನೇ ಮುಂದಿಟ್ಟುಕೊಂಡು ಕರಡು ಮಾಡಿ. ಕರಡನ್ನು ಸೂಚನಾ ಫಲಕಕ್ಕೆ ಹಾಕಿ, ಆಕ್ಷೇಪಣೆಗೆ ದಿನ ಕೊಟ್ಟು, ಬಂದ ಆಕ್ಷೇಪಣೆಗಳನ್ನು ಸಭೆಯಲ್ಲಿ ಓದಿ ಅಂಗೀಕರಿಸಿ, ಪಂಚಾಯತ್ ರಾಜ್ ಕಾಯ್ದೆ ಕೇಳುವ ಮಂಜೂರಾತಿ ಪಡೆಯಿರಿ. ಆಕ್ಷೇಪಣೆ ಒಂದೂ ಬರದಿದ್ದರೆ ‘ಯಾವುದೂ ಬಂದಿಲ್ಲ’ ಎಂದು ನಡಾವಳಿಯಲ್ಲಿ ಬರೆಯಬೇಕು. ಬಹಳ ಕಡೆ ಈ ಒಂದು ಸಾಲು ಬಿಟ್ಟುಹೋಗಿರುತ್ತದೆ, ಮೇಲ್ಮನವಿಯಲ್ಲಿ ಮೊದಲು ಹಿಡಿಯುವುದೂ ಇದನ್ನೇ.

ಎರಡನೆಯದು, ದಂಡ ಹಾಕುವವರು ಯಾರು ಎಂಬುದು. ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್ ಎಂದು ಹುದ್ದೆ ಹೆಸರಿಸಿಯೇ ಅಧಿಕಾರ ಕೊಟ್ಟಿರಬೇಕು. ಸದಸ್ಯರು ಸ್ಥಳದಲ್ಲಿ ನಿಂತು ದುಡ್ಡು ತೆಗೆದುಕೊಳ್ಳಲೇಬಾರದು, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಪಂಚಾಯಿತಿಯ ಮುದ್ರಿತ ರಸೀದಿ ಇಲ್ಲದೆ ಐವತ್ತು ರೂಪಾಯಿ ಪಡೆದರೂ ಇಡೀ ಪ್ರಯತ್ನದ ಮೇಲಿನ ನಂಬಿಕೆ ಹೋಗುತ್ತದೆ.

ಇನ್ನು ಮಹಜರು. ಚೀಲ ಎತ್ತುವ ಮೊದಲೇ ಬರೆಯಿರಿ. ದಿನಾಂಕ, ಗಂಟೆ, ಜಾಗ ಮೂರೂ ಬೇಕು. ‘ತೋಟದ ತಿರುವು’ ಎಂದರೆ ಸಾಲದು, ಹತ್ತಿರದ ವಿದ್ಯುತ್ ಕಂಬದ ನಂಬರ್ ಅಥವಾ ಕಿಲೋಮೀಟರ್ ಕಲ್ಲು ಹಾಕಿ. ಸ್ಪ್ರಿಂಗ್ ತಕ್ಕಡಿಗೆ ಚೀಲ ಸಿಕ್ಕಿಸಿ ಒಂದೊಂದರ ತೂಕ ಬರೆಯಿರಿ. ಕೈಗೆ ಗವಸು ಹಾಕಿ ಟಾರ್ಪಾಲಿನ ಮೇಲೆ ಸುರಿದು, ಸಿಕ್ಕಿದ್ದನ್ನು ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಕೊರಿಯರ್ ಚೀಟಿ, ದಿನಸಿ ಬಿಲ್ಲು, ಔಷಧಿ ಚೀಟಿ ಇವುಗಳನ್ನು ಬೇರೆ ಕವರಿನಲ್ಲಿ ಹಾಕಿ ಮೊಹರು ಮಾಡಿ. ಇಬ್ಬರು ಪಂಚರ ಸಹಿ ಸಾಕು, ಆದರೆ ಇಬ್ಬರೂ ಪಂಚಾಯಿತಿ ಸಿಬ್ಬಂದಿ ಆಗಿರದಿದ್ದರೆ ಒಳ್ಳೆಯದು.

ಒಂದು ಎಚ್ಚರಿಕೆ. ಚೀಟಿ ಸಿಕ್ಕಿದ ಮಾತ್ರಕ್ಕೆ ಎಸೆದವರು ಅವರೇ ಎಂದು ಸಾಬೀತಾಗುವುದಿಲ್ಲ. ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡು ಖಾಸಗಿ ಪಿಕಪ್‌ನವನಿಗೆ ಕಸ ಕೊಟ್ಟಿರಬಹುದು, ಅವನು ರಾತ್ರಿ ತಿರುವಿನಲ್ಲಿ ಸುರಿದು ಹೋಗಿರಬಹುದು. ಹಾಗಾಗಿ ಮೊದಲು ನೋಟಿಸು ಕೊಡಿ: ಇಂಥ ದಿನ ಇಂಥಲ್ಲಿ ನಿಮ್ಮ ವಿಳಾಸದ ಚೀಟಿ ಇದ್ದ ಕಸ ಸಿಕ್ಕಿದೆ, ನಿಮ್ಮ ಕಸ ಯಾರಿಗೆ ಕೊಡುತ್ತೀರಿ, ರಸೀದಿ ತೋರಿಸಿ. ಏಳು ದಿನ ಕೊಡಿ. ರಸೀದಿ ಇದ್ದರೆ ನಿಮಗೆ ಪಿಕಪ್‌ನವನು ಸಿಕ್ಕ. ಇಲ್ಲದಿದ್ದರೆ ಕಸ ವಹಿಸಿಕೊಟ್ಟ ದಾಖಲೆ ಅವರ ಬಳಿ ಇಲ್ಲ ಎನ್ನುವುದನ್ನೇ ದಂಡದ ಆದೇಶದಲ್ಲಿ ಬರೆಯಬಹುದು.

ಇನ್ನೊಂದು ಮಾತು. ಆ ರಸ್ತೆಯಲ್ಲಿ ನಿಮ್ಮ ಕಸದ ಗಾಡಿ ‘ಸ್ವಚ್ಛ ವಾಹಿನಿ’ ಯಾವ ದಿನ ಹೋಗುತ್ತದೆ? ‘ವಾರಕ್ಕೊಮ್ಮೆ, ಅದೂ ಖಚಿತ ಇಲ್ಲ’ ಎನ್ನುವ ಪರಿಸ್ಥಿತಿ ಇದ್ದರೆ ದಂಡದ ಚರ್ಚೆಗಿಂತ ಮೊದಲು ಗಾಡಿಯ ವೇಳಾಪಟ್ಟಿ ಸರಿ ಮಾಡಿ. ಕಸ ಕೊಡಲು ಜಾಗವೇ ಇಲ್ಲದ ಮನೆಗೆ ದಂಡ ಹಾಕುವುದು ನ್ಯಾಯವಲ್ಲ, ಜನ ಅದನ್ನು ಒಪ್ಪುವುದೂ ಇಲ್ಲ.

ಪ್ರಶ್ನೆ (ಅದೇ ಸದಸ್ಯೆ): ಸರಿ ಸರ್. ಆ ತಿರುವಿಗೆ ಸಿಸಿಟಿವಿ ಹಾಕಿಸೋಣ ಎಂದು ಸಭೆಯಲ್ಲಿ ಎಲ್ಲರೂ ಒತ್ತಾಯಿಸುತ್ತಿದ್ದಾರೆ. ಉಪಯೋಗ ಆಗುತ್ತಾ?

ಉತ್ತರ (ನಿವೃತ್ತ ಪಿಡಿಒ): ಹಾಕುವ ರೀತಿಯಲ್ಲಿ ಹಾಕಿದರೆ ಆಗುತ್ತದೆ. ಕಂಬದ ತುದಿಯಲ್ಲಿ ಒಂದೇ ಕ್ಯಾಮೆರಾ ಕೂರಿಸಿದರೆ ಇಡೀ ತಿರುವು ಕಾಣುತ್ತದೆ, ನಂಬರ್ ಪ್ಲೇಟ್ ಕಾಣುವುದಿಲ್ಲ. ಎರಡು ಬೇಕು: ಒಂದು ಜಾಗಕ್ಕೆ, ಇನ್ನೊಂದು ಹಾದುಹೋಗುವ ಗಾಡಿಯ ಹಿಂಬದಿಗೆ ನೇರವಾಗಿ, ಕಿರಿದಾದ ನೋಟದಲ್ಲಿ. ಎದುರಿನಿಂದ ಹಿಡಿದರೆ ಹೆಡ್‌ಲೈಟಿಗೆ ಚಿತ್ರ ಬೆಳ್ಳಗಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರದ ನೆರಳಲ್ಲಿ ಸೋಲಾರ್ ಪ್ಯಾನೆಲ್ ಬ್ಯಾಟರಿ ತುಂಬುವುದಿಲ್ಲ, ರಾತ್ರಿಯ ಮಳೆಹನಿ ಇನ್‌ಫ್ರಾರೆಡ್ ಬೆಳಕಿಗೆ ಬಿಳಿ ಗೆರೆಗಳಾಗಿ ಚಿತ್ರವನ್ನೆಲ್ಲ ಮುಚ್ಚುತ್ತದೆ. ಕ್ಯಾಮೆರಾದ ಗಡಿಯಾರ ಸರಿ ಇದೆಯೇ ಎಂದು ವಾರಕ್ಕೊಮ್ಮೆ ನೋಡಿ. ಗಂಟೆ ತಪ್ಪಿದ ವಿಡಿಯೋವನ್ನು ಯಾರೂ ಒಪ್ಪುವುದಿಲ್ಲ. ಕಸ ಬಿದ್ದ ಬದಿ ಮೀಸಲು ಅರಣ್ಯವಾಗಿದ್ದರೆ ಅರಣ್ಯ ರಕ್ಷಕರನ್ನೂ ಕರೆದು ಜಂಟಿ ಮಹಜರು ಮಾಡಿ. ಅಲ್ಲಿ ಅರಣ್ಯ ಕಾಯ್ದೆಯೂ ಅನ್ವಯಿಸುತ್ತದೆ.

ಪ್ರಶ್ನೆ (ಹೋಂಸ್ಟೇ ನಡೆಸುವವರು): ಮಳೆಗಾಲದಲ್ಲಿ ನಮ್ಮ ಒಣ ಕಸವನ್ನು ಪಂಚಾಯಿತಿ ಗಾಡಿಯವರು ವಾಪಸ್ ಇಟ್ಟು ಹೋಗುತ್ತಾರೆ. ಗುಂಡಿಗೆ ಹಾಕಿದ ಹಸಿ ಕಸ ನಾರುತ್ತದೆ. ದಂಡ ನಮಗೇ ಬೀಳುತ್ತೆ ಅನ್ನೋ ಭಯ ಇದೆ.

ಉತ್ತರ (ಘನತ್ಯಾಜ್ಯ ನಿರ್ವಹಣೆ ತರಬೇತುದಾರರು): ಅಕ್ಕ, ವಾಪಸ್ ಇಡುವುದಕ್ಕೆ ಕಾರಣ ಇದೆ. ಒದ್ದೆಯಾದ ರಟ್ಟು, ಕಾಗದ, ಅನ್ನ ಮೆತ್ತಿದ ಪ್ಲಾಸ್ಟಿಕ್ ಇವನ್ನು ಪಂಚಾಯಿತಿಯ ಕಸ ವಿಂಗಡಣೆ ಘಟಕವಾದ ಸ್ವಚ್ಛ ಸಂಕೀರ್ಣದಲ್ಲಿ ಬೇರ್ಪಡಿಸಿದರೂ ಕೊಳ್ಳುವವರಿಲ್ಲ, ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಚೀಲವನ್ನು ಗೇಟಿನ ಹತ್ತಿರ ನೆಲಕ್ಕೆ ಇಡಬೇಡಿ. ಮೂರು ಬದಿ ಮುಚ್ಚಿದ, ಶೀಟು ಹಾಕಿದ ಸಣ್ಣ ಗೂಡು ಮಾಡಿ, ಒಳಗೆ ನೆಲದಿಂದ ಒಂದಡಿ ಎತ್ತರಕ್ಕೆ ಹಲಗೆ ಕೊಡಿ. ಹಾಲಿನ ಕವರು, ಎಣ್ಣೆ ಪ್ಯಾಕೆಟ್ ತೊಳೆದು ಒಲೆ ಮನೆಯಲ್ಲಿ ಹಗ್ಗಕ್ಕೆ ಒಣಗಹಾಕಿ ಆಮೇಲೆ ಚೀಲಕ್ಕೆ ಹಾಕಿ. ಡೈಪರ್, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಬೇಕು. ಬಾತ್‌ರೂಮಿನ ಬುಟ್ಟಿ ಪಕ್ಕ ನಾಲ್ಕು ಹಳೆ ಪತ್ರಿಕೆ ಇಟ್ಟರೆ ಅತಿಥಿಗಳೇ ಸುತ್ತಿ ಹಾಕುತ್ತಾರೆ.

ಹಸಿ ಕಸ ನಾರುವುದು ಗಾಳಿ ಇಲ್ಲದೆ ಕೊಳೆಯುವುದರಿಂದ. ನಮ್ಮ ಮಳೆಗೆ ನೆಲದ ಗುಂಡಿ ಬಾವಿಯಾಗುತ್ತದೆ. ಗುಂಡಿ ಬಿಟ್ಟು, ಇಟ್ಟಿಗೆಗಳ ನಡುವೆ ಸಂದು ಬಿಟ್ಟು ನೆಲದ ಮೇಲೆ ತೊಟ್ಟಿ ಕಟ್ಟಿ, ಮಾಡು ಹಾಕಿ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಪದಾರ್ಥ ಬೇಕು: ತರಗೆಲೆ, ಕಾಫಿ ಹೊಟ್ಟು, ಮರದ ಹೊಟ್ಟು. ಏಪ್ರಿಲ್‌ನಲ್ಲಿ ತೋಟದ ತರಗೆಲೆ ಗುಡಿಸಿದಾಗಲೇ ಹತ್ತಿಪ್ಪತ್ತು ಚೀಲ ತುಂಬಿ ಮಾಡಿನ ಕೆಳಗಿಟ್ಟುಕೊಳ್ಳಿ, ಜುಲೈಯಲ್ಲಿ ಒಣ ಎಲೆ ಎಲ್ಲಿಂದಲೂ ಸಿಗದು. ಹಿಡಿ ಗೊಬ್ಬರ ಎತ್ತಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಹೊಟ್ಟು ಕಡಿಮೆಯಾಗಿದೆ ಎಂದರ್ಥ.

ಉಳಿದ ಊಟ ಹಂದಿ ಸಾಕಣೆಗೆ ಕೊಡುವವರು ಬಹಳ ಇದ್ದಾರೆ. ಚೆನ್ನಾಗಿ ಕುದಿಸದೆ ಕೊಡಬೇಡಿ, ಆಫ್ರಿಕನ್ ಹಂದಿ ಜ್ವರ ಹಂದಿ ಮಾಂಸದ ಎಂಜಲಿನಿಂದಲೂ ಹರಡುತ್ತದೆ. ಮದುವೆ, ನಾಮಕರಣ ಎಂದು ನೂರಕ್ಕಿಂತ ಹೆಚ್ಚು ಜನ ಸೇರಿಸುವುದಿದ್ದರೆ ಮೂರು ಕೆಲಸದ ದಿನ ಮುಂಚೆ ಪಂಚಾಯಿತಿಗೆ ತಿಳಿಸಬೇಕು ಎನ್ನುವುದು 2016ರ ಘನತ್ಯಾಜ್ಯ ನಿಯಮಗಳಿಂದಲೇ ಬಂದಿದೆ. ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ದಂಡದ ಭಯಕ್ಕೆ ಇರುವ ಮದ್ದು ಗಾಡಿಯವರ ಮಾಸಿಕ ಶುಲ್ಕದ ರಸೀದಿ, ಅದನ್ನು ಫೈಲು ಮಾಡಿ.

ಪ್ರಶ್ನೆ (ಮಡಿಕೇರಿ ತಾಲ್ಲೂಕಿನವರು): ಜಮ್ಮಾ ಬಾಣೆಯಲ್ಲಿ (ವಂಶಪಾರಂಪರ್ಯವಾಗಿ ಬಂದ, ಗದ್ದೆಗೆ ಸೇರಿದ ಗುಡ್ಡದ ಜಾಗ) ಮಗನಿಗೆ ಸಣ್ಣ ಮನೆ ಕಟ್ಟಬೇಕು, ಜಾಗ ಇಳಿಜಾರು. 2018ರ ಭೂಕುಸಿತದ ನಂತರ ಪಂಚಾಯಿತಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ (ಸಿವಿಲ್ ಎಂಜಿನಿಯರ್): ಮೊದಲು ಪಹಣಿ ತೆಗೆದು ನೋಡಿ. ಪಟ್ಟೆದಾರರ (ಕುಟುಂಬದ ಪರವಾಗಿ ಹೆಸರಿರುವ ಹಿರಿಯರ) ಜೊತೆ ಒಕ್ಕದ, ಅಂದರೆ ಮನೆತನದ, ಎಷ್ಟು ಹೆಸರುಗಳಿವೆ? ಭಾಗ ಆಗಿ ನಿಮ್ಮ ಹಿಸ್ಸೆ ಬೇರೆಯಾಗದಿದ್ದರೆ ಉಳಿದವರ ಒಪ್ಪಿಗೆ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಮುಕ್ಕಾಲು ಪಾಲು ಅರ್ಜಿಗಳು ನಿಲ್ಲುವುದು ಇಲ್ಲಿಯೇ ಎಂಬುದು ನನ್ನ ಅಂದಾಜು. ಹಿಸ್ಸೆಗೆ 11ಇ ನಕ್ಷೆ (ನಿಮ್ಮ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ), ನಂತರ ಭೂ ಕಂದಾಯ ಕಾಯ್ದೆಯ 95ನೇ ಕಲಂನಡಿ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ, ಆಮೇಲೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ, ಕೊನೆಗೆ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂನಡಿ ಕಟ್ಟಡ ಪರವಾನಗಿ. ಜಾಗ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಬಂದರೆ ಅವರ ಒಪ್ಪಿಗೆಯೂ ಬೇಕು. ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಈ ಗಡಿಯೇ ಕಾರಣ, ಸರ್ವೆ ನಂಬರ್ ಬರೆದುಕೊಟ್ಟು ಲಿಖಿತವಾಗಿ ಉತ್ತರ ಕೇಳಿ.

ಕಾಗದಕ್ಕಿಂತ ನನಗೆ ಮಣ್ಣಿನ ಚಿಂತೆ ಹೆಚ್ಚು. 2018ರ ಆಗಸ್ಟಿನ ಕುಸಿತಗಳಿಗೆ ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದದ್ದೂ ಕಾರಣ ಎಂದು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ಹೇಳಿದೆ. ಒಂದೇ ದೊಡ್ಡ ಸಮತಟ್ಟಿಗಾಗಿ ಹದಿನೈದಡಿ ಬರೆ (ಗುಡ್ಡದ ಕಡಿದಾದ ಬದಿ) ಕಡಿಯಬೇಡಿ. ಮನೆಯನ್ನೇ ಎರಡು ಮಟ್ಟದಲ್ಲಿ ಇಳಿಸಿ ಕಟ್ಟಿದರೆ ಏಳೆಂಟು ಅಡಿಯಲ್ಲಿ ಮುಗಿಯುತ್ತದೆ. ಜೆಸಿಬಿಯವರು ಕಡಿದ ಮಣ್ಣನ್ನು ಕೆಳಗೆ ತಳ್ಳಿ ಅಂಗಳ ದೊಡ್ಡದು ಮಾಡಿಕೊಡುತ್ತಾರೆ. ಆ ಸಡಿಲ ಮಣ್ಣಿನ ಮೇಲೆ ಪಾಯದ ಒಂದು ಮೂಲೆಯೂ ಬರಬಾರದು, ಮೊದಲು ಜಾರುವುದು ಅದೇ. ಅಗೆತ ಡಿಸೆಂಬರಿಗೆ ಶುರುವಾಗಿ, ತಡೆಗೋಡೆ ಏಪ್ರಿಲ್ ಒಳಗೆ ಮುಗಿಯಬೇಕು.

ತಡೆಗೋಡೆ ಬೀಳುವುದು ಹೆಚ್ಚಾಗಿ ಅದರ ಹಿಂದೆ ನಿಂತ ನೀರಿನ ಒತ್ತಡಕ್ಕೆ. ಮೂರಿಂಚಿನ ಪಿವಿಸಿ ಪೈಪುಗಳನ್ನು ಐದಡಿಗೊಂದರಂತೆ, ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟು ಇಡಿಸಿ. ಕೆಳಸಾಲಿನ ಎರಡು ಪೈಪುಗಳ ನಡುವೆ ಮೇಲ್ಸಾಲಿನದ್ದು ಬರಲಿ. ಗೋಡೆಯ ಹಿಂದೆ ಒಂದಡಿ ದಪ್ಪ ನಲವತ್ತು ಎಂಎಂ ಜಲ್ಲಿ ತುಂಬದೆ ಬರೀ ಮಣ್ಣು ತುಂಬಿದರೆ ಪೈಪುಗಳು ಮೊದಲ ಮಳೆಗೇ ಕಟ್ಟಿಕೊಳ್ಳುತ್ತವೆ. ಬರೆಯ ಮೇಲ್ಗಡೆ ಒಂದು ಕಾಲುವೆ ತೆಗೆದು, ಆ ನೀರನ್ನೂ ಮಾಡಿನ ನೀರನ್ನೂ ಇರುವ ತೋಡಿಗೆ (ಸಣ್ಣ ಹಳ್ಳಕ್ಕೆ) ಮುಟ್ಟಿಸಿ. ಇಂಗುಗುಂಡಿಯನ್ನು ಬರೆಯ ನೆತ್ತಿಯಲ್ಲಿ ತೋಡಬೇಡಿ.

ಪ್ರಶ್ನೆ (ತೋಟದ ಲೈನ್‌ಮನೆಯಿಂದ, ಅಂದರೆ ಕಾರ್ಮಿಕರ ಸಾಲು ಮನೆಯಿಂದ): ಸರ್, ನಮಗೆ ಜಾಗವೇ ಇಲ್ಲ. ಮನೆ ಪಟ್ಟಿಯಲ್ಲಿ ಹೆಸರು ಬರಲು ಏನು ಮಾಡಬೇಕು?

ಉತ್ತರ (ನಿವೃತ್ತ ಪಿಡಿಒ): ಮನೆ ಇಲ್ಲದವರ ಪಟ್ಟಿ, ನಿವೇಶನ ಇಲ್ಲದವರ ಪಟ್ಟಿ ಎರಡೂ ಬೇರೆ. ನಿಮ್ಮದು ಎರಡನೆಯದು. ಗ್ರಾಮಸಭೆಗೂ ಮೊದಲು ನಡೆಯುವ ವಾರ್ಡ್ ಸಭೆಯಲ್ಲೇ ಅರ್ಜಿ ಕೊಡಿ, ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆಧಾರ್, ರೇಷನ್ ಕಾರ್ಡ್, ಇದ್ದರೆ ಜಾತಿ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ರೇಷನ್ ಕಾರ್ಡ್ ಬೇರೆ ಊರಿನ ವಿಳಾಸದಲ್ಲಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ, ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಇದರಿಂದ. ಓದಿದ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಸಭೆ ಮುಗಿಯುವ ಮೊದಲೇ ಎದ್ದು ಹೇಳಿ, ಆಕ್ಷೇಪಣೆಯನ್ನು ನಡಾವಳಿಯಲ್ಲಿ ಬರೆಸಿ. ಆಮೇಲೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಆ ದಿನದ ನಡಾವಳಿ ಪ್ರತಿ ಕೇಳಿ, ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವೂ ಇಲ್ಲ. ಮೂವತ್ತು ದಿನದಲ್ಲಿ ಕೊಡಬೇಕು. ಅರ್ಜಿ ಬರೆಯಲು ಕಷ್ಟವಾದರೆ ಇಲ್ಲೇ ವಿವರ ಹಾಕಿ, ಬರೆದುಕೊಡುತ್ತೇನೆ.