ಪದ ಬೇಕಾಗಿದೆ: ಬೇರೆ ಬೈಕಿನ ಬ್ರೇಕಿಗೆ ಕೈಕಾಲು ಒಗ್ಗಿಸಿಕೊಳ್ಳುವುದು

ಗೆಳೆಯರೇ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಹಳೇ ಬೈಕು ರಿಪೇರಿ ಮಾಡಿ ಮಾರುವ ಅಂಗಡಿ. 1994ರ ಬುಲೆಟ್ ಒಂದಿದೆ. ಅದಕ್ಕೆ ಎಡಗಾಲಿಗೆ ಬ್ರೇಕು, ಬಲಗಾಲಿಗೆ ಗೇರು. ನೋಡಲು ಬಂದವರು ಒಂದು ಸುತ್ತು ಓಡಿಸುತ್ತಾರೆ. ಹೋದ ವಾರ ಒಬ್ಬರು ನಾಯಿ ಅಡ್ಡ ಬಂತೆಂದು ಬಲಗಾಲು ಒತ್ತಿದರು. ಬಿದ್ದದ್ದು ಮೇಲಿನ ಗೇರು! ಗೇರಿಲ್ಲದ ಸ್ಕೂಟರಿನಿಂದ ಬಂದವರದು ಇನ್ನೊಂದು ಕಷ್ಟ. ಹಿಂದಿನ ಬ್ರೇಕೆಂದು ಎಡಗೈ ಹಿಡಿಯುತ್ತಾರೆ, ಬುಲೆಟ್‌ನಲ್ಲಿ ಅದು ಕ್ಲಚ್ಚು. ಬೋರ್ಡಿಗೆ 'ಬ್ರೇಕ್ ನಿಯಂತ್ರಣಕ್ಕೆ ಹೊಂದಿಕೊಳ್ಳಿ' ಎಂದು ಬರೆದುಕೊಂಡೆ, ಜೀವವೇ ಇಲ್ಲ. ನಾಳೆ ಸಂಜೆ ಬರೆಯುವವರು ಬರುತ್ತಾರೆ.

ಉತ್ತರ 1: ಮೊದಲು 'ಬ್ರೇಕು' ತೆಗೆಯಿರಿ. ಕೈತಡೆ, ಕಾಲ್ತಡೆ ಎನ್ನಿ. ಇಲ್ಲವೇ ಕಡಿವಾಣ. 'ಕಡಿ' ಅಂದರೆ ಕಚ್ಚು. ಕುದುರೆಯ ಬಾಯಿಗೆ ಕಚ್ಚಿಸಿ ನಿಲ್ಲಿಸಿದ ನುಡಿಗೆ ಬೈಕು ನಿಲ್ಲಿಸಲು ಪದವಿಲ್ಲವೇ?

ಉತ್ತರ 2: ಕಡಿವಾಣ ಬೇಡ. ತಡೆಯೂ ಬೇಡ, ರಸ್ತೆತಡೆ ಅಂದುಕೊಳ್ಳುತ್ತಾರೆ. 'ಕೈಬ್ರೇಕು' ಅಂದರೂ ಕಾರು ನಿಲ್ಲಿಸಿದ ಮೇಲೆ ಎಳೆಯುವುದೇ ನೆನಪಾಗುತ್ತದೆ. ಕೈಯಲ್ಲಾದರೆ 'ಹಿಡಿ', ಕಾಲಲ್ಲಾದರೆ 'ತುಳಿ'. ಕ್ರಿಯಾಪದವೇ ಎಲ್ಲ ಹೇಳುತ್ತದೆ. ನೀವು ಕೇಳಿದ ಪದ 'ಪಳಗು'. ಹೊಂದಿಕೊಳ್ಳುವುದು ಮನಸ್ಸಿನ ಕೆಲಸ. ಪಳಗುವುದು ಮಾಡಿ ಮಾಡಿ ಕೈಕಾಲಿಗೆ ಬರುವಂಥದ್ದು. ಪಳಗಿದ ಕೈ ಅಂತೀವಿ, ಅಲ್ವಾ?

ಉತ್ತರ 3: ಪಳಗು ತಮಿಳಿನದು. ಕನ್ನಡದ್ದಾಗಿದ್ದರೆ ಪಾಲು ಹಾಲಾದಂತೆ, ಪಾವು ಹಾವಾದಂತೆ ಇದೂ 'ಹಳಗು' ಆಗಬೇಕಿತ್ತು.

ಉತ್ತರ 2: ತಪ್ಪು. ಪಡೆ ಹಡೆ ಆದರೂ 'ಪಡೆ' ಸತ್ತಿಲ್ಲ. ಹಾಡು ಇದೆ, ಪಾಡೂ ಇದೆ. ಪಳಗು ಹಳಗನ್ನಡದಲ್ಲೇ 'ಪೞಗು' ಎಂದಿದೆ, ೞ ಅಂದರೆ ಈಗ ಳ ಆಗಿರುವ ಹಳೇ ಅಕ್ಷರ. ಎರಡೂ ನುಡಿಗೆ ಒಂದೇ ಬೇರು. ಅಕ್ಕನ ಮನೆಯಲ್ಲೂ ಅದೇ ಕೊಡ ಇದೆ ಅಂದ ಮಾತ್ರಕ್ಕೆ ನಮ್ಮದು ಎರವಲಾಗುವುದಿಲ್ಲ. ಇನ್ನು ಬ್ರೇಕು. ಬ್ರೇಕಿಗೆ, ಬ್ರೇಕಿನ, ಬ್ರೇಕಿಂದ ಎಂದು ನಮ್ಮ ವಿಭಕ್ತಿಯನ್ನೆಲ್ಲ ಹೊತ್ತ ಪದವನ್ನು ಹೊರಗೆ ದಬ್ಬುವುದು ಯಾಕೆ? ನಿಮ್ಮೂರಲ್ಲೇ ಜಾವಾ ಬೈಕು ತಯಾರಾಗುತ್ತಿತ್ತು. ಅಲ್ಲಿನ ಮೆಕ್ಯಾನಿಕ್ಕುಗಳನ್ನು ಕೇಳಿ, ಯಾರಾದರೂ ಕಾಲ್ತಡೆ ಅಂದಿದ್ದಾರಾ?

ಉತ್ತರ 1: ಎಲ್ಲರೂ ಅನ್ನುತ್ತಾರೆ ಅನ್ನುವುದೇ ನ್ಯಾಯವಾದರೆ ಪದ ಕಟ್ಟುವವರು ಯಾರೂ ಉಳಿಯುವುದಿಲ್ಲ.

ಕೇಳಿದವರು: ತುಂಬಾ ಉಪಕಾರವಾಯ್ತು. ಬೋರ್ಡಿಗೆ ಹೀಗೆ ಕೊಟ್ಟೆ: 'ಎಡಗಾಲು ತುಳಿದರೆ ಬ್ರೇಕು. ಬಲಗಾಲು ಗೇರಿಗೆ. ಎಡಗೈ ಕ್ಲಚ್ಚು. ಕಾಲು ಪಳಗುವವರೆಗೆ ಮೆಲ್ಲಗೆ ಓಡಿಸಿ.'

ಉತ್ತರ 1: 'ತುಳಿ' ಚೆನ್ನಾಗಿದೆ. ಬ್ರೇಕು ನಾನು ಒಪ್ಪುವುದಿಲ್ಲ.