ಸಕ್ಕರೆ ತಿಂದ ಋಣ

"ಇದು ಬರೀ ಸ್ಟಡಿ ಅಲ್ಲ ರಾಯರೇ, ರಿವ್ಯೂ! ನೂರಾರು ಸ್ಟಡಿ ಸೋಸಿ ಬರೆದಿದ್ದು!" ಸೀನ ಫೋನನ್ನು ರಾಯರ ಮೂಗಿಗೇ ಹಿಡಿದ. ಈಚೆಗೆ ಅವನು ಸೊಪ್ಪಿನ ಸಾರು ಉಣ್ಣೋಕೂ ರಿವ್ಯೂ ಕೇಳುತ್ತಾನೆ.

"ಸೋಸಿದ್ದು ಸರಿ. ಜರಡಿ ಯಾರದ್ದು?"

"ಅಂದ್ರೆ?"

"1965ರಲ್ಲಿ ಅಮೆರಿಕದ ಸಕ್ಕರೆ ಕಂಪನಿಗಳ ಸಂಶೋಧನಾ ಸಂಸ್ಥೆ ಹಾರ್ವರ್ಡ್ ಪಂಡಿತರ ಕೈಯಲ್ಲಿ ಒಂದು ರಿವ್ಯೂ ಬರೆಸಿತು. ಕೊಟ್ಟಿದ್ದು 6,500 ಡಾಲರ್. ಓದಬೇಕಾದ ಲೇಖನಗಳನ್ನೂ ಸಕ್ಕರೆಯವರೇ ಕಳಿಸಿದರು. ಕರಡೂ ಇವರ ಕೈಗೆ ಬಂತು. ನೋಡಿ, 'ನಮ್ಮ ಮನಸ್ಸಲ್ಲಿ ಇದ್ದದ್ದು ಇದೇ' ಅಂತ ಉತ್ತರ ಬರೆದರು! 1967ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು: ಹೃದಯದ ಕಾಯಿಲೆಗೆ ಕೊಬ್ಬು ಕಾರಣ, ಸಕ್ಕರೆಯದ್ದೇನೂ ತಪ್ಪಿಲ್ಲ. ದುಡ್ಡಿನ ಸುದ್ದಿ ಹೊರಬಿದ್ದದ್ದು 2016ರಲ್ಲಿ, ಹಳೇ ಪತ್ರಗಳಿಂದ. ಉಪ್ಪು ತಿಂದ ಋಣ ಕೇಳಿದ್ದೀಯ, ಇದು ಸಕ್ಕರೆ ತಿಂದ ಋಣ."

"ಅದೆಲ್ಲ ಹಳೇ ಕಾಲ ಬಿಡಿ."

"ಹೊಗೆ ಋಣ ಬೇಕಾ? ಪಕ್ಕದವರ ಸಿಗರೇಟು ಹೊಗೆ ಬಗ್ಗೆ ಬಂದಿದ್ದ 106 ರಿವ್ಯೂಗಳನ್ನ 1998ರಲ್ಲಿ ಒಟ್ಟಿಗೆ ನೋಡಿದರು. 'ಏನೂ ತೊಂದರೆಯಿಲ್ಲ' ಅಂದವು 39. ಅದರಲ್ಲಿ 29 ತಂಬಾಕು ಕಂಪನಿ ನೆಂಟರದ್ದು! ಇನ್ನು ಸಿಹಿ ಪಾನೀಯದ ಋಣ. ತೂಕ ಹೆಚ್ಚುತ್ತಾ ಅಂತ ರಿವ್ಯೂ. ಕಂಪನಿ ನಂಟಿಲ್ಲದ 12 ತೀರ್ಮಾನದಲ್ಲಿ 10 'ಹೆಚ್ಚುತ್ತೆ' ಅಂದವು. ನಂಟಿದ್ದ 6ರಲ್ಲಿ 5 'ಸಾಕಷ್ಟು ಪುರಾವೆ ಇಲ್ಲ' ಅಂದವು. ಇದು 2013ರ ಲೆಕ್ಕ, ತೀರಾ ಹಳೇದೇನಲ್ಲ."

"ಅಷ್ಟು ಓದಿದವರು ಸುಳ್ಳು ಬರೀತಾರಾ?" ವೆಂಕಟೇಶ ಕೇಳಿದ.

"ಸುಳ್ಳು ಯಾಕೆ ಬರೀಬೇಕಪ್ಪ? ಯಾವ ಸ್ಟಡಿ ಸೇರಿಸಬೇಕು, ಯಾವುದರಲ್ಲಿ ಹುಳುಕು ಹುಡುಕಬೇಕು, ಅಷ್ಟು ಆರಿಸಿಕೊಂಡ್ರೆ ಸಾಕು. ಆಮೇಲೆ ಲೆಕ್ಕ ಪಕ್ಕಾ ಇರುತ್ತೆ. ಬರೆದವನಿಗೂ ನಾನು ಪ್ರಾಮಾಣಿಕ ಅಂತಲೇ ಅನ್ನಿಸಿರುತ್ತೆ."

"ಹಂಗಾದ್ರೆ ನಾಳೆಯಿಂದ ಎರಡು ಚಮಚ ತುಪ್ಪ ಜಾಸ್ತಿ!" ಸೀನ ಕುಣಿದ.

"ಲೋ, ಸಕ್ಕರೆ ಕಳ್ಳ ಅಂದ ಮಾತ್ರಕ್ಕೆ ತುಪ್ಪ ಸಾಚಾ ಆಗಿಬಿಡುತ್ತಾ? ಸುಮ್ನೆ ಕೂತ್ಕೋ."

ವೆಂಕಟೇಶ ಮಾತ್ರ ನಗಲಿಲ್ಲ. "ನಮ್ಮಮ್ಮ ಹೃದಯಕ್ಕೆ ಕೆಟ್ಟದು ಅಂತ ಕೊನೆಯವರೆಗೂ ತುಪ್ಪ ಮುಟ್ಟಲಿಲ್ಲ. ಕಾಫಿಗೆ ಮಾತ್ರ ಮೂರು ಚಮಚ ಸಕ್ಕರೆ."

"ತುಪ್ಪ ಬಿಟ್ಟಿದ್ದು ತಪ್ಪಲ್ಲಪ್ಪ," ಅಂದರು ರಾಯರು. "ಆ ಮೂರು ಚಮಚದ ಬಗ್ಗೆಯೂ ಯಾರಾದ್ರೂ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೂ ಕೇಳ್ತಿರಲಿಲ್ಲ ಬಿಡಿ. ಸಕ್ಕರೆ ಕಮ್ಮಿಯಾದ್ರೆ 'ಇದೇನು ಕಷಾಯ ಕೊಟ್ಟೆ' ಅಂತ ಲೋಟ ವಾಪಸ್ ಕಳಿಸೋರು."