ಮಡಗಾಸ್ಕರ್ ಒಂದ್ರಲ್ಲೇ ಯಾಕೆ ಇಷ್ಟೊಂದು ವಿಚಿತ್ರ ಪ್ರಾಣಿಗಳು? ಅವು ಅಲ್ಲಿಗೆ ಹೋಗಿದ್ದಾದ್ರೂ ಹೆಂಗೆ?

ರಾತ್ರಿಗೂಬೆ

ಐ-ಐ ಅಂತ ಒಂದು ಪ್ರಾಣಿ ಇದೆ, ನೋಡಿಲ್ಲ ಅಂದ್ರೆ ಮೊದ್ಲು ಒಂದ್ಸಲ ಸರ್ಚ್ ಮಾಡಿ ನೋಡ್ಬಿಡಿ, ಆಮೇಲೆ ಇದನ್ನ ಓದಿ. ಬಾವಲಿ ಥರ ಕಿವಿ, ಅಳಿಲಿನ ಬಾಲ, ಇಲಿ ಹಲ್ಲು, ಕೈಯಲ್ಲಿ ನಡುಬೆರಳು ಮಾತ್ರ ತಂತಿ ಹಂಗೆ ಸಣಕಲು. ಅದು ಲೀಮರ್‌ಗಳ ಗುಂಪಿಗೆ ಸೇರಿದ್ದಂತೆ, ಅಂದ್ರೆ ಕೋತಿಗಳಿಗೂ ನಮಗೂ ದೂರದ ನೆಂಟ. ಸರಿ ಲೀಮರ್ ಬಗ್ಗೆ ಓದೋಣ ಅಂತ ಕೂತ್ರೆ ತಲೆ ಕೆಟ್ಟೋಯ್ತು.

ನೂರಕ್ಕೂ ಜಾಸ್ತಿ ಬಗೆ ಲೀಮರ್ ಇವೆ, ಮನುಷ್ಯರೇ ತಗೊಂಡ್ಹೋಗಿ ಬಿಟ್ಟಿರೋ ಪಕ್ಕದ ಕೊಮೊರೋಸ್ ದ್ವೀಪಗಳನ್ನ ಬಿಟ್ರೆ ಅಷ್ಟೂ ಇರೋದು ಮಡಗಾಸ್ಕರ್‌ನಲ್ಲೇ. ಎದುರಿಗೇ ಆಫ್ರಿಕಾ ಇದೆ, ನಡುವೆ ಸಮುದ್ರ ತೀರಾ ಕಿರಿದಾಗಿರೋ ಕಡೆ 400 ಕಿ.ಮೀ. ಆಸುಪಾಸು, ಅಲ್ಲಿ ಒಂದೂ ಇಲ್ಲ. ಮಡಗಾಸ್ಕರ್ ಆಫ್ರಿಕಾದಿಂದ ಬೇರೆ ಆಗಿದ್ದು ಸುಮಾರು 16 ಕೋಟಿ ವರ್ಷದ ಹಿಂದೆ ಅಂತಾರೆ, ಆಗ ಲೀಮರ್ ಬಿಡಿ ಕೋತಿ ಕುಲದ ಯಾವ ಪ್ರಾಣಿನೂ ಭೂಮಿ ಮೇಲೆ ಇರ್ಲಿಲ್ಲ. ಹಂಗಾದ್ರೆ ಇವು ಅಲ್ಲಿಗೆ ಬಂದಿದ್ದು ಹೆಂಗೆ? ಬಂದಿದ್ದೆಲ್ಲಾ ಇಷ್ಟು ವಿಚಿತ್ರ ಆಗಿದ್ದು ಯಾಕೆ? "ವಿಕಾಸವಾದ" ಅಂತ ಒಂದೇ ಪದ ಹಾಕಿ ಓಡೋಗ್ಬೇಡಿ ದಯವಿಟ್ಟು, ಸ್ವಲ್ಪ ಬಿಡಿಸಿ ಹೇಳಿ.

ಹಳೇಮೂಳೆ

ತೇಲ್ಕೊಂಡು ಬಂದ್ವು. ತಮಾಷೆ ಅಲ್ಲ, ಜಾಸ್ತಿ ವಿಜ್ಞಾನಿಗಳು ಒಪ್ಪೋದು ಇದನ್ನೇ. ಚಂಡಮಾರುತ ಬಂದಾಗ ನದಿ ದಡ ಕುಸಿದು ಮರಗಳು ಬೇರು ಮಣ್ಣು ಬಳ್ಳಿ ಸಮೇತ ಕಿತ್ಕೊಂಡು ಸಮುದ್ರಕ್ಕೆ ಹೋಗ್ತವೆ, ಅದ್ರ ಪೊಟರೆಯಲ್ಲಿ ಮಲಗಿದ್ದ ಪ್ರಾಣಿನೂ ಜೊತೆಗೇ ಹೋಗುತ್ತೆ. ಸಿಂಪ್ಸನ್ ಅನ್ನೋ ಅಮೆರಿಕದ ಪಳೆಯುಳಿಕೆ ತಜ್ಞ 1940ರಲ್ಲೇ ಇದನ್ನ ಹೇಳಿದ್ರು, ಲಾಟರಿ ಇದ್ದಂಗೆ, ಕೋಟಿ ವರ್ಷದಲ್ಲಿ ಒಂದ್ಸಲ ಹೊಡೆದ್ರೂ ಸಾಕು ಅಂತ.

ಮಡಗಾಸ್ಕರ್‌ನಲ್ಲಿ ಈಗ ಇರೋ ನೆಲದ ಸಸ್ತನಿಗಳ ಲಿಸ್ಟ್ ನೋಡಿ. ಬಾವಲಿಗಳು ಹಾರ್ಕೊಂಡು ಬಂದಿರ್ತವೆ, ಮನುಷ್ಯರು ತಂದಿದ್ದನ್ನೂ ಬಿಡಿ, ಉಳಿಯೋದು ನಾಲ್ಕೇ ಗುಂಪು: ಲೀಮರ್‌ಗಳು, ಟೆನ್ರೆಕ್ ಅನ್ನೋ ಸಣ್ಣ ಪ್ರಾಣಿಗಳು, ಇಲಿಗಳ ಒಂದು ಬಳಗ, ಫೋಸಾ ಮತ್ತೆ ಅದ್ರ ನೆಂಟರಾದ ಮುಂಗುಸಿ ಥರದ ಬೇಟೆಗಾರರು. ಆನೆ ಇಲ್ಲ, ಸಿಂಹ ಇಲ್ಲ, ಜಿಂಕೆ ಇಲ್ಲ, ಜೀಬ್ರಾ ಇಲ್ಲ. ಬಂದಿದ್ದೆಲ್ಲಾ ಮರದ ಮೇಲೆ ಕೂತು ಬರೋಷ್ಟು ಸಣ್ಣ ಸೈಜಿನವೇ.

ಲೆಕ್ಕಾಚಾರಿ

@ಹಳೇಮೂಳೆ ಅಣ್ಣಾ ಕೇಳೋಕೆ ಚೆನ್ನಾಗಿದೆ, ಆದ್ರೆ 400 ಕಿ.ಮೀ. ಉಪ್ಪು ನೀರು, ಮೇಲೆ ಬಿಸಿಲು, ಕುಡಿಯೋಕೆ ಹನಿ ನೀರಿಲ್ಲ, ದಿಮ್ಮಿ ಮೇಲೆ ಕೂತ ಪುಟಾಣಿ ಪ್ರಾಣಿ ನಾಲ್ಕು ದಿನಕ್ಕೆ ಸತ್ತೋಗುತ್ತೆ. ಅದೂ ಒಂಟಿ ಬಂದ್ರೆ ಸಾಲ್ದು, ಜೋಡಿ ಬೇಕು ಇಲ್ಲಾ ಬಸುರಿ ಆಗಿರ್ಬೇಕು. ಇನ್ನೊಂದು, ಅಲ್ಲಿನ ಸಮುದ್ರದ ಪ್ರವಾಹ ಈಗ ಹರಿಯೋದು ಮಡಗಾಸ್ಕರ್ ಕಡೆಯಿಂದ ಆಫ್ರಿಕಾ ಕಡೆಗೆ, ನೀವು ಹೇಳ್ತಿರೋದು ಅದ್ರ ಉಲ್ಟಾ. ಮತ್ತೆ ಮಡಗಾಸ್ಕರ್‌ನಲ್ಲಿ ಕುಳ್ಳ ಹಿಪ್ಪೋಗಳ ಮೂಳೆ ಸಿಕ್ಕಿದ್ಯಲ್ಲ, ಅದೂ ದಿಮ್ಮಿ ಮೇಲೆ ಕೂತು ಬಂತಾ? ಆಗಾಗ ನೆಲದ ಸೇತುವೆ ಥರ ಏನೋ ಮೇಲೆದ್ದಿತ್ತು ಅಂತ ಹೇಳೋ ವಿಜ್ಞಾನಿಗಳೂ ಇದ್ದಾರೆ, ನಂಗೆ ಅದೇ ಸರಿ ಅನ್ಸುತ್ತೆ.

ಹಳೇಮೂಳೆ

@ಲೆಕ್ಕಾಚಾರಿ ಒಳ್ಳೇ ಪ್ರಶ್ನೆಗಳೇ. ಪ್ರವಾಹದ ವಿಷ್ಯ ಮೊದ್ಲು. ತೇಲಿ ಬಂದ್ವು ಅನ್ನೋದನ್ನ ತುಂಬಾ ಜನ ಒಪ್ಪದೇ ಇದ್ದಿದ್ದೇ ಅದಕ್ಕೆ. 2010ರಲ್ಲಿ ಅಲಿ ಮತ್ತೆ ಹ್ಯೂಬರ್ ಅನ್ನೋ ಇಬ್ರು ಐದಾರು ಕೋಟಿ ವರ್ಷದ ಹಿಂದಿನ ಸಮುದ್ರಾನ ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಿ ನೋಡಿದ್ರು. ಆಗ ಆಫ್ರಿಕಾ ಮಡಗಾಸ್ಕರ್ ಎರಡೂ ಈಗ ಇರೋದಕ್ಕಿಂತ ಸಾಕಷ್ಟು ದಕ್ಷಿಣಕ್ಕಿದ್ವು, ಹಂಗಾಗಿ ಪ್ರವಾಹಾನೂ ಬೇರೆ ಥರ ಇತ್ತು, ಆಗಾಗ ಪೂರ್ವಕ್ಕೆ, ಅಂದ್ರೆ ಮಡಗಾಸ್ಕರ್ ಕಡೆಗೇ ಜೋರಾಗಿ ಹರೀತಿತ್ತು, ಬಾಯಾರಿ ಸಾಯೋ ಮುಂಚೆ ದಡ ಮುಟ್ಟಿಸೋಷ್ಟು ಜೋರು. ಆಮೇಲೆ ಎರಡೂ ಉತ್ತರಕ್ಕೆ ಸರಿದಂಗೆ ಆ ದಾರಿ ಮುಚ್ಚೋಯ್ತು. ಆಮೇಲೆ ಆಫ್ರಿಕಾದಲ್ಲಿ ಹುಟ್ಟಿದ ಕೋತಿಗಳು ಇಲ್ಲಿಗೆ ಬರ್ದೇ ಇರೋಕೆ ಇದೂ ಒಂದು ಕಾರಣ ಇರ್ಬೋದು.

ಬದುಕಿ ಬರೋದು ಹೆಂಗೆ ಅಂದ್ರಲ್ಲ, ದಪ್ಪ ಬಾಲದ ಕುಬ್ಜ ಲೀಮರ್ ಅಂತ ಒಂದಿದೆ, ಮಳೆಗಾಲದಲ್ಲಿ ತಿಂದು ತಿಂದು ಬಾಲದಲ್ಲೇ ಕೊಬ್ಬು ತುಂಬ್ಕೊಳ್ಳುತ್ತೆ, ಒಣಗಾಲ ಬಂದ್ರೆ ಮರದ ಪೊಟರೆ ಸೇರಿ ಏಳು ತಿಂಗಳವರೆಗೂ ಊಟ ನೀರು ಇಲ್ದೆ ಮಲಗಿಬಿಡುತ್ತೆ. ಟೆನ್ರೆಕ್‌ಗಳಲ್ಲೂ ಇಂಥಾ ದೀರ್ಘ ನಿದ್ದೆ ಇದೆ. ಮೊದ್ಲು ಬಂದವಕ್ಕೂ ಈ ಗುಣ ಇತ್ತು ಅಂತಿಟ್ಕೊಳ್ಳಿ, ಕೆಲವು ವಾರ ಏನೂ ದೊಡ್ಡದಲ್ಲ.

ಇನ್ನು ಇದನ್ನ ಕಣ್ಣಾರೆ ಕಂಡವ್ರು ಇದ್ದಾರೆ, ಲೀಮರ್ ಅಲ್ಲ, ಇಗ್ವಾನಾ ಅನ್ನೋ ದೊಡ್ಡ ಹಲ್ಲಿ. 1995ರಲ್ಲಿ ಕೆರಿಬಿಯನ್‌ನಲ್ಲಿ ಒಂದ್ರ ಹಿಂದೆ ಒಂದು ಎರಡು ಚಂಡಮಾರುತ ಬಂದ್ವು. ಆದ ಸ್ವಲ್ಪ ದಿನಕ್ಕೆ ಆಂಗ್ವಿಲಾ ದ್ವೀಪದ ದಡಕ್ಕೆ ದಿಮ್ಮಿಗಳು, ಬುಡಮೇಲಾದ ಮರಗಳು ಒಂದು ದೊಡ್ಡ ರಾಶಿ ಬಂದು ಬಿತ್ತು, ಅದ್ರಲ್ಲಿ ಕಡಿಮೆ ಅಂದ್ರೂ 15 ಹಸಿರು ಇಗ್ವಾನಾ. ಆ ದ್ವೀಪದಲ್ಲಿ ಅಲ್ಲಿವರೆಗೂ ಆ ಜಾತಿ ಇರ್ಲೇ ಇಲ್ಲ. ಮೀನು ಹಿಡಿಯೋರು ನೋಡಿದ್ರು, ವರ್ಷಗಳು ಕಳೆದ್ಮೇಲೂ ಅವು ಅಲ್ಲೇ ಬದುಕಿದ್ವು, 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಒಂದು ಜೋಡಿ ಅಲ್ಲ ಸ್ವಾಮಿ, ಹದಿನೈದು!

ಹಿಪ್ಪೋ ವಿಷ್ಯದಲ್ಲಿ ನಿಮ್ಮ ಮಾತು ಒಪ್ತೀನಿ, ಅದು ದಿಮ್ಮಿ ಗಿರಾಕಿ ಅಲ್ಲ. ಆದ್ರೆ ಅದು ಬಂದಿದ್ದು ಲೀಮರ್‌ಗಳಿಗಿಂತ ಎಷ್ಟೋ ತಡವಾಗಿ, ಮತ್ತೆ ಅದು ಅರ್ಧ ನೀರಿನ ಪ್ರಾಣಿ. ಸೇತುವೆನೇ ಇದ್ದಿದ್ರೆ ಆನೆ, ಬೆಕ್ಕಿನ ಜಾತಿ, ಜಿಂಕೆ ಎಲ್ಲಾ ಆರಾಮಾಗಿ ನಡ್ಕೊಂಡು ಬರ್ಬೇಕಿತ್ತು, ನಾಲ್ಕೇ ಗುಂಪು ಯಾಕೆ ಬಂದ್ವು?

ಬಾಲಂಗೋಚಿ

ಹೆಂಗೆ ಬಂದ್ವು ಅನ್ನೋದು ಆಯ್ತು, ಯಾಕೆ ವಿಚಿತ್ರ ಅನ್ನೋದಕ್ಕೆ ನಾನು ಟ್ರೈ ಮಾಡ್ತೀನಿ. ನನ್ನ ಲೆಕ್ಕದಲ್ಲಿ ಅಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅಂತ ನೋಡ್ಬೇಕು. ಐ-ಐ ಬೆರಳು ಅಷ್ಟು ಹುಚ್ಚುಚ್ಚಾಗಿ ಕಾಣುತ್ತಲ್ಲ, ಮಡಗಾಸ್ಕರ್‌ನಲ್ಲಿ ಮರಕುಟಿಗ ಇಲ್ಲ ಅಂತ ಗೊತ್ತಾದ ತಕ್ಷಣ ಅದ್ರ ಅರ್ಧ ಹುಚ್ಚು ಇಳಿದೋಗುತ್ತೆ.

ಅದು ಕೆಲಸ ಮಾಡೋದನ್ನ ನಿಧಾನಕ್ಕೆ ನೋಡಿ. ರಾತ್ರಿ ಹೊತ್ತು ಕೊಂಬೆ ಮೇಲೆ ಮೂಗು ಹತ್ರ ಇಟ್ಕೊಂಡು ನಡುಬೆರಳಲ್ಲಿ ಟಕಟಕಟಕ ಅಂತ ಬಡಿಯುತ್ತೆ, ಸೆಕೆಂಡಿಗೆ ಎಂಟು ಸಲದವರೆಗೂ. ಆ ದೊಡ್ಡ ಕಿವಿ ಎರಡನ್ನೂ ಮುಂದಕ್ಕೆ ತಿರುಗಿಸಿ ಕೇಳಿಸ್ಕೊಳ್ಳುತ್ತೆ, ಒಳಗಡೆ ಹುಳ ಕೊರೆದ ಟೊಳ್ಳು ಇದ್ರೆ ಸದ್ದು ಬೇರೆ ಬರುತ್ತೆ. ಸಿಕ್ತು ಅಂದ್ರೆ ಮುಂದಿನ ಹಲ್ಲಲ್ಲಿ ಕಟ್ಟಿಗೆ ಸಿಗಿದು ತೂತು ಮಾಡುತ್ತೆ, ಆ ಹಲ್ಲು ಜೀವನ ಪೂರ್ತಿ ಬೆಳೀತಾನೇ ಇರುತ್ತೆ, ಸವೆದ್ರೂ ಚಿಂತೆ ಇಲ್ಲ. ಆಮೇಲೆ ಆ ತಂತಿ ಬೆರಳನ್ನ ಒಳಗೆ ಬಿಟ್ಟು, ನಮ್ಮ ಭುಜದ ಕೀಲು ಇದ್ಯಲ್ಲ ಅಂಥಾ ಕೀಲು ಆ ಬೆರಳ ಬುಡದಲ್ಲಿ ಇರೋದ್ರಿಂದ ಎಲ್ಲಾ ಕಡೆಗೂ ತಿರುಗಿಸಿ ಹುಳಾನ ಕೊಕ್ಕೆ ಹಾಕಿ ಎಳೆಯುತ್ತೆ. ಈ ಹಲ್ಲು ನೋಡಿಯೇ 18ನೇ ಶತಮಾನದಲ್ಲಿ ಇದನ್ನ ಅಳಿಲಿನ ಜಾತಿಗೆ ಸೇರ್ಸಿಬಿಟ್ಟಿದ್ರು. 2019ರಲ್ಲಿ ಇದರ ಮಣಿಕಟ್ಟಿನ ಹತ್ರ ಇನ್ನೊಂದು ಪುಟ್ಟ ಸುಳ್ಳು ಹೆಬ್ಬೆರಳು ಇದೆ ಅಂತಾನೂ ಕಂಡುಹಿಡಿದ್ರು. 2022ರಲ್ಲಿ ಮೂಗಲ್ಲಿ ಅದೇ ಬೆರಳು ಹಾಕೋ ವಿಡಿಯೋ ಬಂತು, ಒಳಗೆ ಗಂಟಲವರೆಗೂ ಹೋಗುತ್ತಂತೆ, ಊಟ ಮಾಡ್ತಾ ನೋಡ್ಬೇಡಿ.

ಮಜಾ ಏನಂದ್ರೆ ನ್ಯೂಗಿನಿಯಲ್ಲೂ ಮರಕುಟಿಗ ಇಲ್ಲ. ಅಲ್ಲಿ ಮತ್ತೆ ಆಸ್ಟ್ರೇಲಿಯಾದ ಈಶಾನ್ಯ ಮೂಲೆಯಲ್ಲಿ ಪಟ್ಟೆ ಪೋಸಮ್ ಅಂತ ಇದೆ, ಕಾಂಗರೂ ಕಡೆಯ ಪ್ರಾಣಿ, ಲೀಮರ್‌ಗೂ ಅದಕ್ಕೂ ಯಾವ ಸಂಬಂಧನೂ ಇಲ್ಲ. ಅದಕ್ಕೂ ಉಳಿ ಥರ ಹಲ್ಲು, ಅದಕ್ಕೂ ಒಂದು ಬೆರಳು ಉದ್ದ, ಇಲ್ಲಿ ನಾಲ್ಕನೇ ಬೆರಳು ಅಷ್ಟೇ. ಅದೂ ಮರದೊಳಗಿನ ಹುಳಾನೇ ಎಳೆದು ತಿನ್ನೋದು. ಖಾಲಿ ಸೀಟು ಇದ್ರೆ ಯಾರೋ ಒಬ್ರು ಬಂದು ಕೂರ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಫೋಸಾನೂ ಅದೇ ಕಥೆ. ಬೆಕ್ಕು ಇಲ್ದಿರೋ ಕಡೆ ಮುಂಗುಸಿಯ ನೆಂಟ ಬೆಕ್ಕಿನ ವೇಷ ಹಾಕ್ಕೊಂಡಿದೆ, ಉಗುರು ಅರ್ಧ ಒಳಗೆ ಎಳ್ಕೊಳ್ಳುತ್ತೆ, ಬಾಲ ಮೈಯಷ್ಟೇ ಉದ್ದ, ಹಿಂಗಾಲು ತಿರುಗಿಸ್ಕೊಂಡು ಮರದಿಂದ ತಲೆಕೆಳಗಾಗಿ ಇಳಿಯುತ್ತೆ, ಮುಖ್ಯ ಊಟ ಲೀಮರ್. ಟೆನ್ರೆಕ್‌ಗಳು ಆನೆಗೆ ದೂರದ ಸಂಬಂಧಿ, ಮುಳ್ಳುಮುಳ್ಳಾಗಿ ಹೆಡ್ಜ್‌ಹಾಗ್ ಥರ ಕಾಣ್ತವೆ, ಹೆಡ್ಜ್‌ಹಾಗ್ ಅಲ್ಲ. ಪಟ್ಟೆ ಟೆನ್ರೆಕ್ ಬೆನ್ನಿನ ಮುಳ್ಳುಗಳನ್ನ ಒಂದಕ್ಕೊಂದು ಉಜ್ಜಿ ಸದ್ದು ಮಾಡಿ ಮರಿಗಳ ಜೊತೆ ಮಾತಾಡುತ್ತೆ, ಜೀರುಂಡೆ ಕೆಲಸ ಇದು, ಸಸ್ತನಿಯಲ್ಲಿ ಬೇರೆ ಯಾವುದೂ ಹಿಂಗೆ ಮಾಡೋದು ಗೊತ್ತಿಲ್ಲ. ಬಾಲ ಇಲ್ಲದ ಟೆನ್ರೆಕ್ ಒಂದೇ ಸೂಲಿಗೆ 32 ಮರಿ ಹಾಕಿದ ದಾಖಲೆ ಇದೆ.

ಕಪ್ಪೆರಾಯ

ಮೇಲಿನವ್ರು ಹೇಳಿದ್ದೆಲ್ಲಾ "ಬಂದು ಬದಲಾದವರ" ಕಥೆ. ಒಂದೇ ಜಾಗದಲ್ಲಿ ಇರೋ ಪ್ರಾಣಿ ಎಲ್ಲಾ ಹಂಗಲ್ಲ, ಕೆಲವು ಎಲ್ಲಾ ಕಡೆ ಇದ್ದು ಎಲ್ಲಾ ಕಡೆ ಸತ್ತು ಒಂದು ಮೂಲೆಯಲ್ಲಿ ಮಾತ್ರ ಉಳ್ಕೊಂಡಿರೋ ಬಡಪಾಯಿಗಳು. ನ್ಯೂಜಿಲೆಂಡ್‌ನ ಟುವಾಟಾರಾ ನೋಡಿ, ಹಲ್ಲಿ ಥರ ಇದೆ, ಹಲ್ಲಿ ಅಲ್ಲ, ಡೈನೋಸಾರ್ ಕಾಲದಲ್ಲಿ ಅದ್ರ ಬಳಗ ಪ್ರಪಂಚದ ತುಂಬಾ ಇತ್ತು, ಈಗ ಇದೊಂದೇ. ಮರಿಯಾಗಿದ್ದಾಗ ನೆತ್ತಿ ಮೇಲೆ ಮೂರನೇ ಕಣ್ಣು ಕಾಣುತ್ತೆ, ಆಮೇಲೆ ಹುರುಪೆ ಮುಚ್ಕೊಳ್ಳುತ್ತೆ. ಮೊಟ್ಟೆ ಒಡೆಯೋಕೆ ಒಂದು ವರ್ಷಕ್ಕೂ ಜಾಸ್ತಿ ಬೇಕು. ಇನ್ವರ್‌ಕಾರ್ಗಿಲ್ ಊರಿನ ಮ್ಯೂಸಿಯಂನಲ್ಲಿದ್ದ ಹೆನ್ರಿ ಅನ್ನೋ ಟುವಾಟಾರಾ 2009ರಲ್ಲಿ ಅಪ್ಪ ಆಯ್ತು, ವಯಸ್ಸು ಬರೀ 111, ಮರಿ 11.

ಕೊಮೊಡೋ ಉಡಾನೂ ಹಂಗೇ, ಇಂಡೋನೇಷ್ಯಾದ ನಾಲ್ಕೈದು ದ್ವೀಪದಲ್ಲಿ ಮಾತ್ರ ಇದೆ, ಅಲ್ಲೇ ದೊಡ್ಡದಾಗಿ ಬೆಳೀತು ಅಂತ ತುಂಬಾ ಕಾಲ ಅಂದ್ಕೊಂಡಿದ್ರು, ಆಮೇಲೆ ನೋಡಿದ್ರೆ ಆಸ್ಟ್ರೇಲಿಯಾದಲ್ಲೇ 30 ಲಕ್ಷ ವರ್ಷಕ್ಕಿಂತ ಹಳೇ ಪಳೆಯುಳಿಕೆ ಸಿಕ್ತು.

ಮೂರನೇ ಥರ ನೆಲದ ಜೊತೆಗೇ ಸವಾರಿ ಮಾಡಿದ್ದು. 8.8 ಕೋಟಿ ವರ್ಷದ ಹಿಂದಿನವರೆಗೂ ಇಂಡಿಯಾ ಮಡಗಾಸ್ಕರ್‌ಗೆ ಅಂಟ್ಕೊಂಡೇ ಇತ್ತು. ಪಶ್ಚಿಮ ಘಟ್ಟದ ನೇರಳೆ ಕಪ್ಪೆ, ಹಂದಿ ಮೂತಿ, ಊದಿದ ಮೈ, ವರ್ಷ ಪೂರ್ತಿ ಮಣ್ಣೊಳಗೆ ಗೆದ್ದಲು ತಿನ್ಕೊಂಡಿದ್ದು ಮಳೆ ಶುರು ಆದಾಗ ಸಂತಾನಕ್ಕೆ ಅಂತ ಕೆಲವೇ ದಿನ ಮೇಲೆ ಬರುತ್ತೆ. 2003ರಲ್ಲಿ ಹೆಸರಿಟ್ಟು DNA ನೋಡಿದ್ರೆ ಹತ್ತಿರದ ನೆಂಟರು ಇರೋದು ಸಮುದ್ರದಾಚೆ ಸೆಶೆಲ್ಸ್ ದ್ವೀಪಗಳಲ್ಲಿ! ಇಲ್ಲಿ ಕಪ್ಪೆ ಎಲ್ಲೂ ತೇಲ್ಕೊಂಡು ಹೋಗಿಲ್ಲ, ಒಂದಾಗಿದ್ದ ಇಂಡಿಯಾ-ಸೆಶೆಲ್ಸ್ ನೆಲಾನೇ ಕಾಲಡಿಯಲ್ಲಿ ಬೇರೆ ಆಗಿ ಹೋಗಿದ್ದು.

ರಾತ್ರಿಗೂಬೆ

ಎಲ್ರಿಗೂ ಥ್ಯಾಂಕ್ಸ್, ಪಟ್ಟೆ ಪೋಸಮ್ ವಿಷ್ಯ ಓದಿ ಮೈ ಜುಂ ಅಂತು. ಒಂದು ಡೌಟ್ ಉಳೀತು, ಲೀಮರ್‌ಗಳು ಎಲ್ಲಾ ಒಂದೇ ಟ್ರಿಪ್‌ನಲ್ಲಿ ಬಂದಿದ್ದಾ? ಐ-ಐಗೂ ಉಳಿದವಕ್ಕೂ ಹೋಲಿಕೆನೇ ಇಲ್ವಲ್ಲ.

ಹಳೇಮೂಳೆ

@ರಾತ್ರಿಗೂಬೆ ಇದ್ರ ಮೇಲೆ ಜಗಳ ನಡೀತಾನೇ ಇದೆ. ಕೀನ್ಯಾದಲ್ಲಿ ಪ್ರೊಪೊಟ್ಟೊ ಅನ್ನೋ ಪ್ರಾಣಿಯ ದವಡೆ ಚೂರುಗಳು ಸಿಕ್ಕಿದ್ವು, 1967ರಲ್ಲಿ ಅದಕ್ಕೆ ಹೆಸರಿಟ್ಟಿದ್ದು ಅದೇ ಸಿಂಪ್ಸನ್, ಕಾಡುಪಾಪದ ಸಂಬಂಧಿ ಅಂತ. ಸ್ವಲ್ಪ ದಿನಕ್ಕೆ ಇನ್ನೊಬ್ರು ಇದು ಹಣ್ಣು ತಿನ್ನೋ ಬಾವಲಿ ಅಂದ್ರು, ಎಲ್ರೂ ಒಪ್ಕೊಂಡು ದಶಕಗಳ ಕಾಲ ಬಾವಲಿ ಡ್ರಾಯರ್‌ನಲ್ಲೇ ಬಿದ್ದಿತ್ತು. 2018ರಲ್ಲಿ ಮತ್ತೆ ಹಲ್ಲು ನೋಡಿದವ್ರು ಇದು ಐ-ಐ ಬಳಗದ್ದು ಅಂದ್ರು. ಅದು ನಿಜ ಆದ್ರೆ ಐ-ಐ ವಂಶ ಆಫ್ರಿಕಾದಲ್ಲೇ ಬೇರೆ ಆಗಿತ್ತು, ಅಂದ್ರೆ ಐ-ಐ ಪೂರ್ವಜರು ಒಂದ್ಸಲ, ಉಳಿದ ಲೀಮರ್‌ಗಳ ಪೂರ್ವಜರು ಇನ್ನೊಂದ್ಸಲ, ಎರಡು ಬೇರೆ ಬೇರೆ ಪ್ರಯಾಣ. ಲೆಕ್ಕಾಚಾರಿಯವ್ರಿಗೆ ಒಂದೇ ಟ್ರಿಪ್ ನಂಬೋಕೆ ಕಷ್ಟ ಆಗಿತ್ತು, ಈಗ ಎರಡು 😄

ಲೆಕ್ಕಾಚಾರಿ

ಇಗ್ವಾನಾ ಹದಿನೈದು ಅಂದಾಗ್ಲೇ ಅರ್ಧ ಸೋತೆ, ಹಿಪ್ಪೋ ಮಾತ್ರ ಬಿಟ್ಕೊಡಲ್ಲ.

ಬಾಲಂಗೋಚಿ

ಬಿಟ್ಕೊಡ್ಬೇಡಿ, ಅದು ನ್ಯಾಯವಾದ ಪಾಯಿಂಟೇ. ಆ ಹಿಪ್ಪೋ ಈಗಿಲ್ಲ, ಗೊರಿಲ್ಲಾ ಗಾತ್ರದ ಲೀಮರ್ ಇತ್ತು ಅದೂ ಇಲ್ಲ, ಆನೆಹಕ್ಕಿ ಅನ್ನೋ ದೈತ್ಯ ಹಕ್ಕಿನೂ ಇಲ್ಲ. ಮನುಷ್ಯರು ಆ ದ್ವೀಪಕ್ಕೆ ಬಂದ್ಮೇಲೆ ಹೋಗಿದ್ದು ಇವೆಲ್ಲಾ. ಐ-ಐನ ಈಗ್ಲೂ ಕೆಲವು ಹಳ್ಳಿಗಳಲ್ಲಿ ಅಪಶಕುನ ಅಂತ ಕಂಡಲ್ಲಿ ಕೊಲ್ತಾರೆ, ಆದ್ರೆ ಅದಕ್ಕಿಂತ ದೊಡ್ಡ ಏಟು ಕಾಡು ಕಡಿದು ಸುಟ್ಟು ಗದ್ದೆ ಮಾಡೋದು. ಐ-ಐ ಆದ್ರೂ ಝೂಗಳಲ್ಲಿ ಬದುಕುತ್ತೆ, ಅಮೆರಿಕದ ಡ್ಯೂಕ್ ಲೀಮರ್ ಸೆಂಟರ್‌ನಲ್ಲಿ ಮರಿನೂ ಆಗಿವೆ. ಇಂಡ್ರಿ ಅಂತ ಇದೆ ನೋಡಿ, ಈಗಿರೋ ಲೀಮರ್‌ಗಳಲ್ಲಿ ದೊಡ್ಡದು, ಬೆಳಗ್ಗೆ ಮನೆಮಂದಿಯೆಲ್ಲಾ ಸೇರಿ ಹಾಡಿದ್ರೆ ಕಿಲೋಮೀಟರ್‌ಗಟ್ಟಲೆ ಕೇಳುತ್ತೆ, ಅದನ್ನ ಹಿಡಿದು ಸಾಕೋಕೆ ಹೋದೋರು ಯಾರೂ ಗೆದ್ದಿಲ್ಲ, ಸತ್ತೋಗುತ್ತೆ. ಅದನ್ನ ನೋಡ್ಬೇಕು ಅಂದ್ರೆ ಮಡಗಾಸ್ಕರ್‌ನ ಅಂಡಾಸಿಬೆ ಥರದ ಕಾಡಿಗೇ ಹೋಗ್ಬೇಕು.